ಕಟಿಂಗ್ ಶಾಪಿನಲ್ಲಿ ಬಿಎಫ್‌ಸಿ ಮ್ಯಾನೇಜ್‌ಮೆಂಟ್

ಕೊಡಗು ಅಂದ ಕೂಡಲೇ ಹೊರಗಿನವರಿಗೆ ಹಾಕಿ ನೆನಪಾಗುತ್ತದೆ. ಅದು ಸುಳ್ಳಲ್ಲ. ಆದರೆ ಸಿದ್ದಾಪುರ, ನೆಲ್ಯಹುದಿಕೇರಿ, ಅಮ್ಮತ್ತಿ, ಸುಂಟಿಕೊಪ್ಪದ ಕಡೆ ಸಂಜೆ ಬಂದು ನೋಡಿ. ತೋಟದ ಕೆಲಸ ಮುಗಿಸಿದ ಹುಡುಗರು ಸಿಕ್ಕ ಜಾಗದಲ್ಲೆಲ್ಲ ಫುಟ್ಬಾಲ್ ಒದೆಯುತ್ತಿರುತ್ತಾರೆ. ಬೇಸಿಗೆ ಬಂದರೆ ಸೆವೆನ್ಸ್ ಟೂರ್ನಮೆಂಟು, ಮಳೆ ಬಂದರೆ ಕೆಸರಿನಲ್ಲಿ ಆಟ. ಆಟ ಇಲ್ಲದ ದಿನ ಆಟದ ಬಗ್ಗೆ ಜಗಳ.

ಈ ಜಗಳದ ಹೆಡ್ ಆಫೀಸು ನಮ್ಮ ಪೇಟೆಯ ಒಂದು ಕಟಿಂಗ್ ಶಾಪು. ಎರಡು ಕುರ್ಚಿ, ಒಂದು ಬೆಂಚು, ಗೋಡೆಗೆ ಒಂದು ಟೀವಿ. ಶಾಪು ನಡೆಸುವ ಇಕ್ಕ ಕೇರಳ ಬ್ಲಾಸ್ಟರ್ಸ್ ಪಕ್ಷ. ಅವರ ಮನೆಯಲ್ಲಿ ಮಲಯಾಳಂ, ಅಂಗಡಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಎದುರಿನ ಸ್ಟ್ಯಾಂಡಿನಲ್ಲಿ ಆಟೋ ಓಡಿಸುವ ಹುಡುಗ ಬೆಂಗಳೂರು ಎಫ್‌ಸಿ. ನಾನೂ ಅದೇ. ಕೊಡಗಿನ ಈ ಭಾಗದಲ್ಲಿ ಹಳದಿ ಜೆರ್ಸಿ, ನೀಲಿ ಜೆರ್ಸಿ ಒಂದೇ ಲೈನ್ ಮನೆಯ ಹಗ್ಗದ ಮೇಲೆ ಒಣಗುವುದನ್ನು ನೀವೂ ನೋಡಿರಬಹುದು.

ಸುದ್ದಿ ಹುಡುಕಿಕೊಂಡು ಓಡಾಡುವವನಿಗೆ ಕಟಿಂಗ್ ಶಾಪು ಗ್ರಾಮ ಪಂಚಾಯ್ತಿಗಿಂತ ಒಳ್ಳೆಯ ಜಾಗ. ಆನೆ ಎಲ್ಲಿ ಬಂತು, ಯಾರ ಬೋರ್‌ವೆಲ್ ಬತ್ತಿತು, ಕಾಳುಮೆಣಸಿನ ರೇಟು ಎಷ್ಟಾಯಿತು, ಎಲ್ಲ ಅಲ್ಲೇ ಸಿಗುತ್ತದೆ. ಅದಕ್ಕೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳುತ್ತೇನೆ. ನಿಜವಾಗಿ ಹೋಗುವುದು ಫುಟ್ಬಾಲ್ ಮಾತಿಗೆ.

ಅಲ್ಲಿ ಕೂತವರೆಲ್ಲ ಮ್ಯಾನೇಜರುಗಳು. "ಇವನನ್ನು ತೆಗೀಬೇಕು", "ಅವನನ್ನು ತರಬೇಕು", "ಈ ಕೋಚ್‌ಗೆ ತಲೆ ಇಲ್ಲ" ಅಂತ ಗಡ್ಡಕ್ಕೆ ಸೋಪು ಹಾಕಿಸಿಕೊಂಡೇ ತೀರ್ಪು ಕೊಡುತ್ತಾರೆ. ಕರ್ಲ್ಸ್ ಬಿಟ್ಟ ಪಿಯುಸಿ ಹುಡುಗನಿಗೆ ಯಾವ ಆಟಗಾರನ ಕಾಂಟ್ರಾಕ್ಟು ಯಾವ ವರ್ಷ ಮುಗಿಯುತ್ತದೆ ಅಂತ ಗೊತ್ತು. ತನ್ನ ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನಾಂಕ ಗೊತ್ತಿಲ್ಲ.

ಬಿಎಫ್‌ಸಿ ವಿಷಯದಲ್ಲಿ ಮಾತಾಡುವುದಕ್ಕೆ ಸರಕೂ ಬೇಕಾದಷ್ಟಿದೆ. 2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಈ ತಂಡ ಕಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದರು, ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಕೋಚ್. 2015-16ರಲ್ಲಿ ಮತ್ತೊಮ್ಮೆ ಗೆದ್ದರು. 2016ರಲ್ಲಿ ಆಲ್ಬರ್ಟ್ ರೋಕಾ ಬಂದು ಎಎಫ್‌ಸಿ ಕಪ್ ಫೈನಲ್‌ವರೆಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೆ ಹೋದ ಭಾರತದ ಮೊದಲ ತಂಡ ನಮ್ಮದು. ದೋಹಾದಲ್ಲಿ ಇರಾಕಿನ ತಂಡದ ಎದುರು 1-0 ಅಂತರದಲ್ಲಿ ಸೋತಿತು. ಹುಟ್ಟಿ ಮೂರು ವರ್ಷದ ಕೂಸು ಅಷ್ಟು ಓಡಿದ್ದೇ ಹೆಚ್ಚು ಅನ್ನುವುದು ನನ್ನ ಲೆಕ್ಕ. ಆಟೋ ಹುಡುಗನಿಗೆ ಈಗಲೂ ಹೊಟ್ಟೆ ಉರಿ.

ಡ್ರಾಫ್ಟ್ ಬಗ್ಗೆ ಒಂದು ಮಾತು. ಹೊಸ ಹುಡುಗರಿಗೆ ಅದು ಏನಂತ ಗೊತ್ತಿಲ್ಲ. 2015ರ ಜುಲೈಯಲ್ಲಿ ಐಎಸ್‌ಎಲ್ ಒಂದು ಹರಾಜು ನಡೆಸಿತ್ತು. ಸುನಿಲ್ ಛೆಟ್ರಿಯನ್ನು ಮುಂಬೈ ಸಿಟಿ 1.20 ಕೋಟಿಗೆ ಕೂಗಿ ತೆಗೆದುಕೊಂಡಿತು. ಆಗ ಬಿಎಫ್‌ಸಿ ಐಎಸ್‌ಎಲ್‌ನಲ್ಲಿ ಇರಲಿಲ್ಲ. ಹಾಗಾಗಿ ನಮ್ಮ ಕ್ಯಾಪ್ಟನ್ ವರ್ಷದ ಅರ್ಧ ಬೆಂಗಳೂರಿನವನು, ಇನ್ನರ್ಧ ಮುಂಬೈಯವನು. ಎರಡು ತೋಟದಲ್ಲಿ ಹಾಜರಿ ಹಾಕುವ ಆಳಿನ ಹಾಗೆ.

2017ರಲ್ಲಿ ಬಿಎಫ್‌ಸಿ ಐಎಸ್‌ಎಲ್‌ಗೆ ಸೇರಿತು. ಆ ವರ್ಷ ಜುಲೈ 23ಕ್ಕೆ ಮುಂಬೈಯಲ್ಲಿ ಡ್ರಾಫ್ಟ್ ಆಯಿತು. ಹರಾಜಿಗೂ ಡ್ರಾಫ್ಟಿಗೂ ವ್ಯತ್ಯಾಸ ಇದೆ. ಹರಾಜಿನಲ್ಲಿ ಕೂಗಿದಷ್ಟೂ ಬೆಲೆ ಏರುತ್ತದೆ. ಡ್ರಾಫ್ಟಿನಲ್ಲಿ ಪ್ರತಿ ಆಟಗಾರನ ಬೆಲೆ ಮೊದಲೇ ಗೊತ್ತು ಮಾಡಿರುತ್ತಾರೆ, ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನೇ ಆರಿಸಬೇಕು. ಆವತ್ತು ಮೊದಲು ಹೋದವರು ಅನಸ್ ಎಡತೊಡಿಕ, ಜಂಶೆಡ್‌ಪುರಕ್ಕೆ, 1.10 ಕೋಟಿಗೆ. ಮಲಪ್ಪುರಂ ಜಿಲ್ಲೆಯ ಕೊಂಡೋಟ್ಟಿಯವರು. ಹಿಂದೆ ಆಟೋ ಓಡಿಸಿದವರು ಅಂತ ಪೇಪರ್‌ನಲ್ಲಿ ಬಂದಿತ್ತು. ಆ ಸುದ್ದಿ ನಮ್ಮ ಸ್ಟ್ಯಾಂಡಿನಲ್ಲಿ ಒಂದು ವಾರ ಓಡಿತು. "ನೋಡು, ಆಟೋ ಓಡಿಸಿದವನು ಕೋಟಿಗೆ ಹೋದ" ಅಂತ ಇಕ್ಕ. "ನಿಮ್ಮ ತಂಡಕ್ಕೆ ಹೋಗಲಿಲ್ಲವಲ್ಲ" ಅಂತ ನಮ್ಮ ಹುಡುಗ.

ಅದೇ ಡ್ರಾಫ್ಟಿನಲ್ಲಿ ಬಿಎಫ್‌ಸಿ ರಾಹುಲ್ ಭೇಕೆಯನ್ನು ಆರಿಸಿಕೊಂಡಿತು. ಆವತ್ತು ಯಾರೂ ಕುಣಿದಾಡಲಿಲ್ಲ. ಡಿಫೆಂಡರ್ ತೆಗೆದುಕೊಂಡರೆ ಯಾರು ಕುಣಿಯುತ್ತಾರೆ? 2019ರ ಮಾರ್ಚ್ 17ಕ್ಕೆ ಮುಂಬೈಯಲ್ಲಿ ಫೈನಲ್, ಎದುರು ಎಫ್‌ಸಿ ಗೋವಾ. 90 ನಿಮಿಷ ಗೋಲಿಲ್ಲ, ಎಕ್ಸ್‌ಟ್ರಾ ಟೈಮೂ ಮುಗಿಯುತ್ತಾ ಬಂತು. 117ನೇ ನಿಮಿಷದಲ್ಲಿ ಕಾರ್ನರ್‌ಗೆ ತಲೆ ಕೊಟ್ಟು ಗೋಲು ಹೊಡೆದವನು ಭೇಕೆ. ಬಿಎಫ್‌ಸಿ ಈವರೆಗೆ ಗೆದ್ದಿರುವ ಒಂದೇ ಐಎಸ್‌ಎಲ್ ಟ್ರೋಫಿ ಅದು. ಆಮೇಲೆ 2021ರಲ್ಲಿ ಅವನು ಮುಂಬೈ ಸಿಟಿಗೆ ಹೋದ. ಇಲ್ಲಿ ಶಾಪಿನಲ್ಲಿ ಮ್ಯಾನೇಜ್‌ಮೆಂಟಿಗೆ ಮಂಗಳಾರತಿ. 2024ರಲ್ಲಿ ವಾಪಸ್ ಬಂದ. "ವಯಸ್ಸಾದವನನ್ನು ಯಾಕೆ ತಂದರು" ಅಂತ ಮತ್ತೆ ಮಂಗಳಾರತಿ. ಬಿಟ್ಟರೂ ತಪ್ಪು, ತಂದರೂ ತಪ್ಪು. ತಂಡದ ಆಫೀಸಿನಲ್ಲಿ ಕೂತವರ ಕೆಲಸ ನನಗಂತೂ ಬೇಡ.

2017ರ ನಂತರ ಡ್ರಾಫ್ಟ್ ನಿಂತಿತು. ಈಗ ತಂಡಗಳೇ ನೇರವಾಗಿ ಮಾತಾಡಿ ಆಟಗಾರರನ್ನು ಕೊಳ್ಳುತ್ತವೆ, ಬಿಡುತ್ತವೆ. ಡ್ರಾಫ್ಟ್ ವಾಪಸ್ ಬರಲಿ ಅನ್ನುವವರು ಬೆಂಚಿನ ಮೇಲೆ ಇಬ್ಬರಿದ್ದಾರೆ. ದುಡ್ಡಿನ ತಂಡಗಳೇ ಒಳ್ಳೆಯವರನ್ನೆಲ್ಲ ಎತ್ತಿಕೊಂಡು ಹೋಗುತ್ತವೆ, ಸರದಿ ಇದ್ದರೆ ಎಲ್ಲರಿಗೂ ಪಾಲು ಸಿಗುತ್ತದೆ ಅನ್ನುವುದು ಅವರ ವಾದ. ನ್ಯಾಯವಾಗಿ ಕೇಳಿಸುತ್ತದೆ. ಆದರೆ ಆಟಗಾರನ ಕಡೆಯಿಂದ ನೋಡಿದರೆ ನನಗೆ ಒಪ್ಪಿಗೆ ಇಲ್ಲ. ಡ್ರಾಫ್ಟಿನಲ್ಲಿ ಅವನ ಬೆಲೆ ಇನ್ಯಾರೋ ಕಟ್ಟುತ್ತಾರೆ, ಅವನ ಊರು ಇನ್ಯಾರೋ ಆರಿಸುತ್ತಾರೆ. ನೇರ ಕಾಂಟ್ರಾಕ್ಟಿನಲ್ಲಿ ಕೊನೇ ಪಕ್ಷ ಅವನು ಬೇಡ ಅನ್ನಬಹುದು.

ಕೋಚ್‌ಗಳ ಕಥೆ ಬೇರೆ. 2019ರಲ್ಲಿ ಟ್ರೋಫಿ ಕೊಡಿಸಿದ ಕಾರ್ಲೆಸ್ ಕ್ವಾದ್ರತ್ 2021ರ ಜನವರಿಯಲ್ಲಿ, ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಹೋದರು. ಮಾರ್ಕೊ ಪೆಜಾಯುವೊಲಿ ಬಂದರು, ಹೋದರು. ಸೈಮನ್ ಗ್ರೇಸನ್ 2022ರಲ್ಲಿ ಡುರಾಂಡ್ ಕಪ್ ಗೆಲ್ಲಿಸಿದರು, ತಂಡವನ್ನು ಐಎಸ್‌ಎಲ್ ಫೈನಲ್‌ಗೂ ಒಯ್ದರು. 2023ರ ಡಿಸೆಂಬರ್‌ನಲ್ಲಿ ನಮ್ಮದೇ ಕಂಠೀರವದಲ್ಲಿ ಮುಂಬೈ ಎದುರು 4-0 ಸೋತ ಮೇಲೆ ಅವರೂ ಹೋದರು. ಆ ಸೀಸನ್ ತಂಡ ಹತ್ತನೇ ಸ್ಥಾನಕ್ಕೆ ಬಿತ್ತು. ಜೆರಾರ್ಡ್ ಸರಗೋಸಾ ಬಂದು ಮುಂದಿನ ವರ್ಷ ಮತ್ತೆ ಫೈನಲ್ ತಲುಪಿಸಿದರು. 2025ರ ಏಪ್ರಿಲ್ 12, ಕೋಲ್ಕತ್ತ, ಮೋಹನ್ ಬಗಾನ್ ಎದುರು 2-1, ಎಕ್ಸ್‌ಟ್ರಾ ಟೈಮ್‌ನಲ್ಲಿ ಸೋಲು. ನಮ್ಮ ಇಕ್ಕ ಆವತ್ತು ಹುಡುಗನಿಗೆ ಫ್ರೀ ಕಟಿಂಗ್ ಮಾಡಿದರು. "ದುಃಖದ ಮನೆಗೆ ಹೋದಾಗ ಏನಾದರೂ ತಗೊಂಡು ಹೋಗ್ಬೇಕಲ್ಲ" ಅಂತ.

ಫೈನಲ್ ಸೋಲಿನ ಮಾತು ಬಂದಾಗ 2018 ಹೇಳದೆ ಇರಲಾಗದು. ಆ ವರ್ಷ ಮಾರ್ಚ್ 17ಕ್ಕೆ ಫೈನಲ್ ಕಂಠೀರವದಲ್ಲೇ ಇತ್ತು. ನಾವು ಐದು ಜನ ವ್ಯಾನ್ ಮಾಡಿಕೊಂಡು ಹೋಗಿದ್ದೆವು. ಲೀಗ್‌ನಲ್ಲಿ ಮೊದಲನೇ ಸ್ಥಾನ, ಸ್ವಂತ ಮೈದಾನ, ಒಂಬತ್ತನೇ ನಿಮಿಷಕ್ಕೇ ಛೆಟ್ರಿಯ ಗೋಲು. ಇನ್ನೇನು ಬೇಕು? ಆಮೇಲೆ ಚೆನ್ನೈಯಿನ್‌ನ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡ್ಡರ್ ಹೊಡೆದ. 3-2. ವಾಪಸ್ ಬರುವಾಗ ಪಿರಿಯಾಪಟ್ಟಣ ದಾಟುವವರೆಗೂ ವ್ಯಾನಿನಲ್ಲಿ ಒಂದೇ ಚರ್ಚೆ. ಆ ಎತ್ತರದ ಮನುಷ್ಯನನ್ನು ಯಾರು ಹಿಡಿಯಬೇಕಿತ್ತು? ಡ್ರೈವರ್ ಅಣ್ಣನಿಗೆ ಫುಟ್ಬಾಲ್ ಗಂಧ ಗಾಳಿ ಇಲ್ಲ. ಕೊನೆಗೆ ಅವರೇ ತಾಳಲಾರದೆ ಕೇಳಿದರು: "ಮೊದಲನೇ ಸಲ ಹೊಡೆದಾಗ್ಲೇ ಗೊತ್ತಾಗ್ಲಿಲ್ವಾ ಮಾರಾಯ್ರೇ?" ಅದಕ್ಕಿಂತ ಒಳ್ಳೆಯ ಮ್ಯಾಚ್ ರಿಪೋರ್ಟ್ ನಾನು ಇವತ್ತಿನವರೆಗೆ ಓದಿಲ್ಲ.

ಇದೆಲ್ಲ ಸಿಹಿ ಜಗಳ. ಕಹಿಯಾದದ್ದು 2023ರ ಮಾರ್ಚ್ 3ಕ್ಕೆ.

ಪ್ಲೇ-ಆಫ್ ಪಂದ್ಯ, ಕಂಠೀರವ, ಬಿಎಫ್‌ಸಿ ಎದುರು ಬ್ಲಾಸ್ಟರ್ಸ್. ಶಾಪಿನ ಬಾಗಿಲು ಅರ್ಧ ಎಳೆದು ಒಳಗೆ ಇಪ್ಪತ್ತು ಜನ. 90 ನಿಮಿಷಕ್ಕೆ 0-0. 96ನೇ ನಿಮಿಷದಲ್ಲಿ ಬಿಎಫ್‌ಸಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟಿರಲಿಲ್ಲ, ಗೋಲ್‌ಕೀಪರ್ ಜಾಗ ಸರಿ ಮಾಡಿಕೊಳ್ಳುತ್ತಿದ್ದ. ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದ. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಅಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ಅವರು ವಾಪಸ್ ಬರಲೇ ಇಲ್ಲ. ಪಂದ್ಯ ಬಿಎಫ್‌ಸಿಗೆ ಹೋಯಿತು. ಮುಂದೆ ಫೆಡರೇಶನ್ ಬ್ಲಾಸ್ಟರ್ಸ್‌ಗೆ 4 ಕೋಟಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯದ ನಿಷೇಧ.

ನಿಯಮ ಏನು ಹೇಳುತ್ತದೆ? ಫೌಲ್ ಆದ ತಂಡ ಬೇಗ ಫ್ರೀ ಕಿಕ್ ತೆಗೆಯಬಹುದು. ಎದುರಿನವರು 9.15 ಮೀಟರ್ ದೂರ ನಿಲ್ಲಲಿ ಅಂತ ಕೇಳಿಕೊಂಡರೆ ಮಾತ್ರ ಸೀಟಿಗೆ ಕಾಯಬೇಕು. ಹಾಗೆ ಕೇಳಲಿಲ್ಲ, ಹೊಡೆದೆ, ಅನ್ನುವುದು ಛೆಟ್ರಿಯ ವಾದ. ನನ್ನ ಪ್ರಕಾರ ಗೋಲು ಸರಿ. ಮೈದಾನ ಬಿಟ್ಟು ಹೋಗಿದ್ದು ತಪ್ಪು. ಹಾಗಂತ ಇಕ್ಕನ ಸಂಕಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ವರ್ಷದ ಆಟ ಮುಗಿದರೆ ಯಾರಿಗೂ ಉರಿಯುತ್ತದೆ.

ಆ ರಾತ್ರಿ ಶಾಪಿನಲ್ಲಿ ಆಟೋ ಹುಡುಗ ಬಾಯಿ ಹಿಡಿಯಲಿಲ್ಲ. "ಓಡಿ ಹೋದವರು" ಅಂದ. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. "ನಿಮ್ಮವರೇ ಹಾಗೆ" ಅಂದುಬಿಟ್ಟ. ನಿಮ್ಮವರು ಅಂದರೆ ಯಾರು? ಬ್ಲಾಸ್ಟರ್ಸ್ ಫ್ಯಾನ್ಸಾ, ಮಲಯಾಳಂ ಮಾತಾಡುವವರಾ, ಇನ್ನೂ ಬೇರೆ ಏನಾದರೂನಾ? ಅವನು ಬಿಡಿಸಿ ಹೇಳಲಿಲ್ಲ. ಇಕ್ಕ ಟೀವಿ ಆಫ್ ಮಾಡಿ ಕತ್ತರಿ ಒರೆಸಿ ಡಬ್ಬಿಗೆ ಹಾಕಿದರು. ಅಜ್ಜನ ಕಾಲದಿಂದ ಇಲ್ಲಿ ಇರುವ ಮನುಷ್ಯ. ಆ ಹುಡುಗನಿಗೆ ಮೊದಲ ಸಲ ತಲೆ ಬೋಳಿಸಿದ್ದು ಇವರ ಅಪ್ಪ.

ಎರಡು ತಿಂಗಳು ಮಾತಿಲ್ಲ. ಹುಡುಗ ಕಟಿಂಗ್‌ಗೆ ಅಮ್ಮತ್ತಿಗೆ ಹೋಗುತ್ತಿದ್ದ. ಪ್ರತಿ ವರ್ಷ ಹಳದಿ, ನೀಲಿ ಎಲ್ಲ ಸೇರಿ ಸೆವೆನ್ಸ್‌ಗೆ ಒಂದು ತಂಡ ಇಳಿಸುತ್ತಿದ್ದರು, ಆ ವರ್ಷ ಅದೂ ಇಲ್ಲ. ನಮ್ಮಂಥ ಊರಿನಲ್ಲಿ ಇಂಥ ಸಣ್ಣ ಬಿರುಕು ಹುಡುಕಿಕೊಂಡೇ ಓಡಾಡುವವರು ಇರುತ್ತಾರೆ. ಆಗ ವಿಧಾನಸಭೆ ಚುನಾವಣೆ ಬೇರೆ ಹತ್ತಿರ ಇತ್ತು. ಇಬ್ಬರ ಹತ್ತಿರವೂ "ಏನಾಯ್ತಂತೆ?" ಅಂತ ವಿಚಾರಿಸಿಕೊಂಡು ಬಂದವರನ್ನು ನಾನು ಕಣ್ಣಾರೆ ಕಂಡೆ. ಸುದ್ದಿ ಮಾಡಬಹುದಿತ್ತು. ಮಾಡಲಿಲ್ಲ. ಕೆಲವು ಸುದ್ದಿ ಬರೆದರೆ ಸುದ್ದಿಯಾಗುತ್ತದೆ, ಬರೆಯದಿದ್ದರೆ ತಣ್ಣಗಾಗುತ್ತದೆ.

ಅದು ಮುಗಿದಿದ್ದು ಹುಡುಗನ ತಾಯಿಯಿಂದ. ಮಗನ ಕಿವಿ ಹಿಂಡಿ ಕರೆದುಕೊಂಡು ಬಂದರು ಅಂತ ಹೇಳಿದರೆ ಸಿನಿಮಾ ಆಗುತ್ತದೆ, ಹಾಗೇನೂ ಆಗಲಿಲ್ಲ. ಅವರು ಮೊಮ್ಮಗನನ್ನು ಕಟಿಂಗ್‌ಗೆ ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂತು, "ನಾಳೆ ಇವನ ಚಿಕ್ಕಪ್ಪನನ್ನೂ ಕಳಿಸ್ತೇನೆ, ಕೂದಲು ಕಾಡಾಗಿದೆ" ಅಂದರು. ಮಾರನೇ ದಿನ ಬಂದ. ಯಾರೂ ಸಾರಿ ಕೇಳಲಿಲ್ಲ. "ಸೈಡು ಸ್ವಲ್ಪ ಜಾಸ್ತಿ ತೆಗೀರಿ ಇಕ್ಕಾ" ಅಂದ, ಅಷ್ಟೇ.

ಆ ಮಾರ್ಚ್ 3ರ ಗಲಾಟೆಯಲ್ಲಿ ಮುಳುಗಿಹೋದ ಇನ್ನೊಂದು ಸುದ್ದಿ ಇದೆ. ಮಾರನೇ ದಿನ, ಅಂದರೆ 2023ರ ಮಾರ್ಚ್ 4ಕ್ಕೆ, ಸೌದಿ ಅರೇಬಿಯದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯಿತು. ಆ ಟೂರ್ನಿಯ ಕೊನೆಯ ಪಂದ್ಯಗಳು ವಿದೇಶದಲ್ಲಿ ನಡೆದದ್ದು ಅದೇ ಮೊದಲು. ಕರ್ನಾಟಕ ತಂಡ ಮೇಘಾಲಯವನ್ನು 3-2 ರಿಂದ ಸೋಲಿಸಿ ಕಪ್ ಗೆದ್ದಿತು. ಇದಕ್ಕೆ ಹಿಂದೆ ನಮ್ಮ ರಾಜ್ಯ ಗೆದ್ದದ್ದು 1968-69ರಲ್ಲಿ, ಆಗ ಹೆಸರು ಮೈಸೂರು. 54 ವರ್ಷ! ನಾನು ಶಾಪಿನಲ್ಲಿ ಹೇಳಿದರೆ ಬೆಂಚಿನ ಮೇಲಿದ್ದ ಆರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಛೆಟ್ರಿಯ ಫ್ರೀ ಕಿಕ್ ಅನ್ನು ಹನ್ನೆರಡನೇ ಸಲ ನೋಡುತ್ತಿದ್ದರು.

ಬೆಂಗಳೂರಿಗೆ ಫುಟ್ಬಾಲ್ 2013ರಲ್ಲಿ ಬಂದಿದ್ದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಬರಿಗಾಲಿನಲ್ಲಿ ಚೆಂಡಾಡಿ ಕೋಲ್ಕತ್ತವನ್ನೇ ಕುಣಿಸಿದ ಅಹ್ಮದ್ ಖಾನ್ ಬೆಂಗಳೂರಿನವರು. ಆದರೂ ಇವತ್ತು ಬಿಎಫ್‌ಸಿಯ ಹನ್ನೊಂದು ಜನರಲ್ಲಿ ಕನ್ನಡ ಮಾತಾಡುವವರನ್ನು ಹುಡುಕಿದರೆ ಒಂದು ಕೈಯ ಬೆರಳೂ ಉಳಿಯುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು ಬೆಂಗಳೂರಿನ ಹುಡುಗ ವಿನಿತ್ ವೆಂಕಟೇಶ್ ಒಂದೇ ಗೋಲು ಹೊಡೆದು ಗೆಲ್ಲಿಸಿದಾಗ ಶಾಪಿನಲ್ಲಿ ಛೆಟ್ರಿಗೂ ಬೀಳದ ಸೀಟಿ ಬಿತ್ತು.

ಇದನ್ನು ಹೇಳಿದರೆ ಕೆಲವರು "ಕನ್ನಡಿಗರಿಗೇ ಕೊಡಬೇಕು" ಅಂತ ಶುರು ಮಾಡುತ್ತಾರೆ. ನನ್ನ ಮಾತು ಅದಲ್ಲ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನಲವತ್ತು ದಾಟಿದ ಮೇಲೂ ನಮ್ಮ ಜೆರ್ಸಿಯಲ್ಲಿ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಹೊಡೆದ. ಅವನಿಗಿಂತ ನಮ್ಮವನು ಯಾರಿದ್ದಾನೆ? ನಾನು ಕೇಳುವುದು ಬೇರೆ. ಜೆಎಸ್‌ಡಬ್ಲ್ಯು ಬಳ್ಳಾರಿ ಕಡೆ ವಿಜಯನಗರದಲ್ಲಿ ದೊಡ್ಡ ಕ್ರೀಡಾ ಸಂಸ್ಥೆ ಕಟ್ಟಿದೆ. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್ ಲೀಗ್ ನಡೆಯುತ್ತದೆ. ಸಿದ್ದಾಪುರದ ಲೈನ್ ಮನೆಯ ಹುಡುಗನಿಗೆ ಅಲ್ಲಿಗೆ ಹೋಗುವ ದಾರಿ ಯಾರು ತೋರಿಸುತ್ತಾರೆ? ಸೆವೆನ್ಸ್ ಮೈದಾನಕ್ಕೆ ಆಟಗಾರ ಹುಡುಕಿಕೊಂಡು ಮಲಪ್ಪುರಂನಿಂದ ಏಜೆಂಟರು ಬರುವುದನ್ನು ನೋಡಿದ್ದೇನೆ. ಬೆಂಗಳೂರಿನಿಂದ ಬಂದವರನ್ನು ನಾನಿನ್ನೂ ನೋಡಿಲ್ಲ. ಮ್ಯಾನೇಜ್‌ಮೆಂಟ್ ಬಗ್ಗೆ ಬೈಯುವುದಿದ್ದರೆ ಇದಕ್ಕೆ ಬೈಯಿರಿ ಅಂತ ಬೆಂಚಿಗೆ ಹೇಳಿ ಹೇಳಿ ಸಾಕಾಗಿದೆ. ಅವರಿಗೆ ಯಾವ ಸ್ಟ್ರೈಕರ್ ಸ್ಪೇನ್‌ನಿಂದ ಬರುತ್ತಾನೆ ಅನ್ನುವುದೇ ಮುಖ್ಯ.

2025ರ ಆಗಸ್ಟ್‌ನಲ್ಲಿ ಆ ಮಾತೂ ನಿಂತಿತು. ಫೆಡರೇಶನ್‌ಗೂ ಐಎಸ್‌ಎಲ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಗೂ 2010ರಲ್ಲಿ ಆದ 15 ವರ್ಷದ ಒಪ್ಪಂದ ಆ ವರ್ಷ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದಿನದ್ದು ತೀರ್ಮಾನ ಆಗದೆ ಲೀಗ್ ನಡೆಸುವುದು ಹೇಗೆ ಅಂತ ಕಂಪನಿ ಜುಲೈಯಲ್ಲಿ ಸೀಸನ್ನನ್ನೇ ತಡೆಹಿಡಿಯಿತು. ಆಗಸ್ಟ್ 4ಕ್ಕೆ ಬಿಎಫ್‌ಸಿ ಪ್ರಕಟಣೆ ಕೊಟ್ಟಿತು: ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸಿದ್ದೇವೆ. ಅಕಾಡೆಮಿ, ಮಕ್ಕಳ ತಂಡಗಳು ನಡೆಯುತ್ತವೆ.

ಆವತ್ತು ಜೋರು ಮಳೆ. ಶಾಪಿನಲ್ಲಿ ನಾಲ್ಕೇ ಜನ. ಆಟೋ ಹುಡುಗ ಫೋನಿನಲ್ಲಿ ಓದಿ ಹೇಳಿದ. ಕೋಟಿಗಟ್ಟಲೆ ತೆಗೆದುಕೊಳ್ಳುವವರಿಗೆ ಎರಡು ತಿಂಗಳು ಇಲ್ಲದಿದ್ದರೆ ಏನಾಗುತ್ತದೆ ಅಂತ ಒಬ್ಬ ನಕ್ಕ. ಇಕ್ಕ ಕನ್ನಡಿಯಲ್ಲೇ ಅವನನ್ನು ನೋಡಿ ಕೇಳಿದರು: "ಸಿಬ್ಬಂದಿ ಅಂದರೆ ಯಾರು? ಬೂಟು ತೊಳೆಯುವವರು, ಮಸಾಜ್ ಮಾಡುವವರು, ಅಡಿಗೆಯವರು. ಅವರಿಗೂ ಕೋಟಿಯಾ?" ನಗು ನಿಂತಿತು. ಮಾಡಿದ ಕೆಲಸದ ದುಡ್ಡು ಬರುತ್ತದೋ ಇಲ್ಲವೋ ಅಂತ ತಿಂಗಳ ಕೊನೆಗೆ ಕಾಯುವುದು ಹೇಗಿರುತ್ತದೆ ಅಂತ ತೋಟದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಲಂ ಲೆಕ್ಕದಲ್ಲಿ ಬರೆಯುವ ನನ್ನಂಥವರಿಗೂ ಬೇಕಿಲ್ಲ. ಹನ್ನೆರಡು ವರ್ಷ ಆಟಗಾರರನ್ನು ಮಾರಿ, ಕೊಂಡು, ಕೂರಿಸಿ, ಓಡಿಸಿದ ಆ ಬೆಂಚಿನ ಮೇಲೆ ಆಟಗಾರ ಅಂದರೆ ಕೂಲಿಯವನು ಅನ್ನುವ ಮಾತು ಮೊದಲ ಸಲ ಬಂತು. ಅದು ಬಂದಿದ್ದು ಬ್ಲಾಸ್ಟರ್ಸ್‌ನವರ ಬಾಯಿಂದ.

ಆ ವಾರವೇ ನಮ್ಮ ಲೈನಿನ ಒಬ್ಬಳು ಅಕ್ಕ ಮನೆಗೆ ಬಂದರು. ಅವರ ಮಗನಿಗೆ ಹದಿನಾಲ್ಕು. ಎಡಗಾಲಿನ ಆಟಗಾರ, ಶಾಲೆಯ ತಂಡದಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿದ್ದಾನೆ. ಪಿಟಿ ಮಾಸ್ಟ್ರು ಯಾವುದಾದರೂ ಅಕಾಡೆಮಿಗೆ ಬರೆಯಿರಿ ಅಂದಿದ್ದಾರಂತೆ. "ಪೇಪರಿನವರು ನೀವು, ನಿಮಗೆ ಗೊತ್ತಿರುತ್ತೆ. ಸಂಬಳವೇ ನಿಲ್ಲಿಸಿದ್ದಾರಂತೆ, ಅಂಥ ಕೆಲಸಕ್ಕೆ ಹುಡುಗನನ್ನು ಯಾಕೆ ಕಳಿಸ್ಬೇಕು?" ಅಂತ ಕೇಳಿದರು. ಮಕ್ಕಳ ತಂಡಗಳನ್ನು ನಿಲ್ಲಿಸಿಲ್ಲ ಅಂದೆ. ಮುಂದೆ ಲೀಗ್ ಏನಾಗುತ್ತದೆ ಅಂತ ಡೆಲ್ಲಿಯಲ್ಲಿ ಕೂತವರಿಗೇ ಗೊತ್ತಿಲ್ಲ ಅಂತಲೂ ಅಂದೆ. ಎಸ್ಸೆಸ್ಸೆಲ್ಸಿ ಮಾತ್ರ ಬಿಡಿಸಬೇಡಿ, ಶಾಲೆ ಇರುವ ಅಕಾಡೆಮಿಗೇ ಬರೆಯೋಣ ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚಾ ಕುಡಿದು ಎದ್ದು ಹೋದರು.

ಎರಡು ದಿನ ಬಿಟ್ಟು ಹುಡುಗನೇ ಬಂದ, ಕೊಡೆ ಇಲ್ಲದೆ, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು. ಅಮ್ಮನೇ ಕಳಿಸಿದ್ದಂತೆ. ನನ್ನ ಫೋನಿನಲ್ಲೇ ಅರ್ಜಿ ತುಂಬಿದೆವು. ಹೆಸರು, ಎತ್ತರ, ತೂಕ, ಯಾವ ಕಾಲು. ಯಾವ ಜಾಗದಲ್ಲಿ ಆಡುತ್ತೀ ಅಂತ ಇದ್ದಲ್ಲಿ ಲೆಫ್ಟ್ ಬ್ಯಾಕ್ ಅಂತ ಹಾಕಿದೆ.

"ಅಣ್ಣ, ಅವರಿಗೆ ರೈಟ್ ಬ್ಯಾಕ್ ಬೇಕಾಗಿದ್ದರೆ ಅದನ್ನೂ ಆಡ್ತೇನೆ ಅಂತ ಸೇರ್ಸಿ" ಅಂದ.